ಮನೆಗೆ ಬಂದ ಬುದ್ಧಮೂರ್ತಿ

ಶಾಕ್ಯಮುನಿಯು ಮನೆಯನ್ನು ತೊರೆದು ಹೊರಟವನು. ಅವನ ಮೂರ್ತಿಯಾದರೋ ಈಗ ಊರೂರಿನ ಮನೆಗಳ ಒಳಗೆ ಬಂದು ನೆಲೆಸಿದೆ. ಕೆಲವು ಮನೆಗಳಲ್ಲಿ ಅದು ತಲೆಬಾಗಿಲ ಬಳಿಯ ಅಲಂಕಾರ; ಕೆಲವು ಮನೆಗಳಲ್ಲಿ ಪುಸ್ತಕದ ಬೀರುವಿನ ಮೇಲಿನ ಶೋಭೆ. ಇನ್ನು ಕೆಲವು ಮನೆಗಳಲ್ಲಿ ಮಾತ್ರ ಗೃಹಸ್ಥನೋ ಗೃಹಿಣಿಯೋ ಬೆಳಗಿನ ಜಾವದಲ್ಲಿ ಅದರ ಮುಂದೆ ಚಾಪೆಯನ್ನು ಹಾಸಿ, ಅರ್ಧ ತಾಸು ಮಾತಿಲ್ಲದೆ ಕುಳಿತು, ಅಲೆಯುವ ಚಿತ್ತವನ್ನು ಒಂದೆಡೆ ನಿಲ್ಲಿಸಲು ಯತ್ನಿಸುವುದುಂಟು. ಈ ಮೂರನೆಯ ಬಗೆಯ ಮನೆಗಳಲ್ಲಿ ಒಂದು ಧರ್ಮಪ್ರಶ್ನೆಯು ತಾನಾಗಿ ಹುಟ್ಟುತ್ತದೆ. ಯಾವುದನ್ನೂ 'ಇದು ನನ್ನದು' ಎಂದು ಬಿಗಿಹಿಡಿಯಬಾರದೆಂದು ಜೀವಮಾನವೆಲ್ಲ ಬೋಧಿಸಿದವನ ಪ್ರತಿಮೆಯನ್ನು ಹಣ ತೆತ್ತು ತಂದು 'ನನ್ನದು' ಎನ್ನುವುದು ಹೇಗೆ? ಧ್ಯಾನಕ್ಕೆಂದು ಮೂರ್ತಿಯನ್ನು ಆರಿಸುವಲ್ಲಿಯೂ, ಆಮೇಲೆ ಅದನ್ನು ನೋಡಿಕೊಳ್ಳುವಲ್ಲಿಯೂ, ಯಾವ ನಡತೆಯು ಆ ಮೂರ್ತಿಗೆ ತಕ್ಕದ್ದು?

ಮೂರ್ತಿಯೇ ಬೇಡವೆನ್ನುವವರ ವಾದವನ್ನು ಮೊದಲು ಪರಿಶೀಲಿಸುವುದು ನ್ಯಾಯ. ಅವರ ಪಕ್ಷವು ದುರ್ಬಲವಾದುದಲ್ಲ. ಭಾರ್ಹುತ್, ಸಾಂಚಿಗಳ ಹಳೆಯ ಶಿಲ್ಪಗಳಲ್ಲಿ ಬುದ್ಧನಿರಬೇಕಾದ ಸ್ಥಳದಲ್ಲಿ ಒಂದು ಬೋಧಿವೃಕ್ಷವಿದೆ, ಇಲ್ಲವೆ ಬರಿದಾದ ಆಸನವಿದೆ, ಇಲ್ಲವೆ ಧರ್ಮಚಕ್ರವೋ ಪಾದಮುದ್ರೆಯೋ ಇದೆ; ಅವನ ಮಾನುಷರೂಪವಿಲ್ಲ. ಆ ರೂಪವು ಗಾಂಧಾರ ಮಥುರಾಗಳ ಶಿಲ್ಪಿಗಳ ಕೈಯಲ್ಲಿ ವಿಶೇಷವಾಗಿ ಬಳಕೆಗೆ ಬಂದುದು ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ. ಸಂಯುತ್ತನಿಕಾಯದ ಒಂದು ಪ್ರಸಂಗವು ಇದಕ್ಕಿಂತ ಮುಂದೆ ಹೋಗುತ್ತದೆ. ರೋಗದಿಂದ ಮಲಗಿದ್ದ ವಕ್ಕಲಿಯೆಂಬ ಭಿಕ್ಷುವು ಬುದ್ಧನನ್ನು ಕಣ್ಣಾರೆ ಕಾಣಬೇಕೆಂದು ಹಂಬಲಿಸುತ್ತಾನೆ. ಬುದ್ಧನು ಅವನಿದ್ದಲ್ಲಿಗೇ ಬಂದು, ಕೊಳೆತುಹೋಗುವ ಈ ದೇಹವನ್ನು ನೋಡಿ ಆಗಬೇಕಾದುದೇನು, ಧರ್ಮವನ್ನು ಕಂಡವನೇ ತನ್ನನ್ನು ಕಂಡವನು ಎಂಬ ಅರ್ಥದ ಮಾತನ್ನು ಹೇಳುತ್ತಾನೆ. ಜೀವಂತ ದೇಹದ ದರ್ಶನಕ್ಕೇ ಬೆಲೆಯಿಲ್ಲವೆಂದ ಮೇಲೆ ಕಂಚಿನ ದೇಹದ ಪಾಡೇನು? ಚೀನದ ಧ್ಯಾನಪಂಥದ ದಾನ್‌ಶಿಯಾ ತಿಯೆನ್‌ರಾನ್ (739–824) ಎಂಬ ಆಚಾರ್ಯನ ಕಥೆಯೂ ಪ್ರಸಿದ್ಧವಾಗಿದೆ. ಕೊರೆಯುವ ಚಳಿಯಲ್ಲಿ ಅವನು ಮಠದಲ್ಲಿದ್ದ ಮರದ ಬುದ್ಧಮೂರ್ತಿಯನ್ನು ಬೆಂಕಿಗಿಟ್ಟು ಮೈ ಕಾಯಿಸಿಕೊಂಡನಂತೆ. ಮಠದವನು ಗದರಲು, ಬೂದಿಯಲ್ಲಿ ಬುದ್ಧಧಾತುವನ್ನು ಹುಡುಕುತ್ತಿರುವುದಾಗಿ ಉತ್ತರ ಕೊಟ್ಟನು. ಮರದಲ್ಲಿ ಧಾತುವು ಎಲ್ಲಿಂದ ಬರಬೇಕೆಂದು ಅವನು ಕೇಳಿದುದಕ್ಕೆ, ಹಾಗಾದರೆ ಗದರುವುದೇಕೆ ಎಂದನು.

ಈ ಪಕ್ಷಕ್ಕೆ ಸಮಾಧಾನವು ಬೌದ್ಧರ ಗ್ರಂಥಗಳಲ್ಲಿಯೇ ದೊರೆಯುತ್ತದೆ. ಕಾಲಿಂಗಬೋಧಿ ಜಾತಕದ ಮೊದಲಲ್ಲಿ ಒಂದು ಸಂಗತಿಯುಂಟು. ಜನರು ಹೂಗಳನ್ನು ಹಿಡಿದು ಜೇತವನಕ್ಕೆ ಬರುತ್ತಾರೆ. ಬುದ್ಧನು ಸಂಚಾರದಲ್ಲಿದ್ದುದರಿಂದ ಅರ್ಪಿಸಲು ನೆಲೆಗಾಣದೆ ಬಾಗಿಲಲ್ಲಿ ಇಟ್ಟು ಹೋಗುತ್ತಾರೆ. ಅವರಿಗೆ ಗೌರವವನ್ನು ಸಲ್ಲಿಸಲು ಒಂದು ಆಸ್ಪದವು ಬೇಡವೆ ಎಂದು ಆನಂದನು ಕೇಳಿದಾಗ ಬುದ್ಧನು ಮೂರು ಬಗೆಯ ಚೈತ್ಯಗಳನ್ನು ವಿಂಗಡಿಸುತ್ತಾನೆ: ದೇಹಧಾತುವಿಗೆ ಸಂಬಂಧಿಸಿದ್ದು, ಬಳಸಿದ ವಸ್ತುವಿಗೆ ಸಂಬಂಧಿಸಿದ್ದು, ಮತ್ತು ಉದ್ದೇಶಮಾತ್ರದಿಂದ ನಿಲ್ಲುವುದು. ಪ್ರತಿಮೆಯು ಮೂರನೆಯ ಬಗೆಗೆ ಸೇರಿದ್ದು. ಅದಕ್ಕೆ ಹೊರಗಿನ ಆಧಾರವಿಲ್ಲ, ಕೇವಲ ಮನಸ್ಸೇ ಆಧಾರವೆಂಬುದು ಅಲ್ಲಿಯ ಅಭಿಪ್ರಾಯ. ಜೇತವನದಲ್ಲಿ ನೆಡಲ್ಪಟ್ಟದ್ದು ಬೋಧಿವೃಕ್ಷದ ಸಸಿ. ಎಂದರೆ, ನೆನಪಿಗೆ ಒಂದು ನೆಲೆ ಬೇಕೆಂಬ ಸಂಸಾರಿಗಳ ಬಯಕೆಯು ಅಲ್ಲಿ ತಿರಸ್ಕೃತವಾಗಲಿಲ್ಲ. ಆದರೆ ಪ್ರತಿಮೆಯ ಸತ್ತ್ವವೆಲ್ಲ ಇಟ್ಟುಕೊಂಡವರ ಮನಸ್ಸಿನಲ್ಲಿದೆಯೆಂಬುದು ಸ್ಪಷ್ಟವಾಯಿತು. ದಾನ್‌ಶಿಯಾನಂಥವನಿಗೆ ಮೂರ್ತಿಯು ಮರವಾದುದು ಅವನ ಮನಸ್ಸು ಪಕ್ವವಾಗಿದ್ದುದರಿಂದ. ಪಕ್ವವಾಗದ ಮನಸ್ಸಿಗೆ ಅದು ಇನ್ನೂ ಒಂದು ಊರುಗೋಲು. ಹಾಗಿರುವಲ್ಲಿ ಆ ಊರುಗೋಲನ್ನು ಎಲ್ಲಿಂದ ಹೇಗೆ ತಂದರು, ಹೇಗೆ ಇಟ್ಟುಕೊಂಡರು ಎಂಬುದು ಲೌಕಿಕ ವ್ಯವಹಾರ ಮಾತ್ರವಾಗಿ ಉಳಿಯುವುದಿಲ್ಲ. ಸಾಧನೆಯ ಮೊದಲ ಮೆಟ್ಟಿಲೇ ಆಗುತ್ತದೆ.

ಇನ್ನು ಆಯ್ಕೆಯ ವಿಷಯ. ಧ್ಯಾನಕ್ಕೆ ಬೇಕಾದ ಮೂರ್ತಿಯು ಕುಳಿತ ಭಂಗಿಯದಾಗಿರುವುದು ಉಚಿತ. ಏಕೆಂದರೆ ನೋಡುವವರು ಅದರಂತೆಯೇ ಕುಳಿತುಕೊಳ್ಳಬೇಕಾಗಿದೆ. ಮಡಿಲಲ್ಲಿ ಎಡಗೈಯ ಮೇಲೆ ಬಲಗೈಯನ್ನಿಟ್ಟ ಧ್ಯಾನಮುದ್ರೆಯು ಚಿತ್ತವನ್ನು ಒಳಕ್ಕೆ ಸೆಳೆಯುತ್ತದೆ. ಬಲಗೈ ಬೆರಳುಗಳಿಂದ ನೆಲವನ್ನು ಮುಟ್ಟಿದ ಭೂಸ್ಪರ್ಶಮುದ್ರೆಯು ಮಾರನ ಎದುರಿಗೆ ಭೂಮಿಯನ್ನು ಸಾಕ್ಷಿಯಾಗಿ ಕರೆದ ಗಳಿಗೆಯನ್ನು ನೆನಪಿಗೆ ತರುತ್ತದೆ. ಮನಸ್ಸು ಬಹಳ ಚಂಚಲವಾದವರಿಗೆ ಇದು ಧೈರ್ಯವನ್ನು ಕೊಡತಕ್ಕದ್ದು. ಸಾರನಾಥದಲ್ಲಿ ದೊರೆತ ಗುಪ್ತರ ಕಾಲದ ಪ್ರಖ್ಯಾತ ಮೂರ್ತಿಯು ಧರ್ಮಚಕ್ರಮುದ್ರೆಯದು. ಅದು ಬೋಧಿಸುವ ಗುರುವಿನ ನಿಲುವು. ಅಂಗಡಿಗಳಲ್ಲಿ 'ನಗುವ ಬುದ್ಧ'ನೆಂದು ಮಾರುವ ಡೊಳ್ಳುಹೊಟ್ಟೆಯ ಬೊಂಬೆಯು ಶಾಕ್ಯಮುನಿಯದಲ್ಲ. ಅದು ಪುದಾಯಿಯೆಂಬ ಚೀನೀ ಸಂನ್ಯಾಸಿಯದು. ಅವನನ್ನು ಮೈತ್ರೇಯನ ಅವತಾರವೆಂದು ಚೀನದ ಜನರು ಎಣಿಸುತ್ತಾರೆ. ಅದರಲ್ಲಿ ದೋಷವಿಲ್ಲ, ಆದರೆ ಧ್ಯಾನದ ಆಸನಕ್ಕೆ ಅದು ಮಾದರಿಯಾಗಲಾರದು. ಗಾತ್ರದ ವಿಷಯದಲ್ಲಿ ಒಂದು ಗೇಣಿನ ಮೂರ್ತಿಯೇ ಸಾಕು. ಚಾಪೆಯ ಮೇಲೆ ಕುಳಿತಾಗ ಮೂರ್ತಿಯ ಮುಖವು ಕಣ್ಣಿನ ಮಟ್ಟಕ್ಕೆ, ಅಥವಾ ಅದಕ್ಕಿಂತ ತುಸು ಮೇಲಕ್ಕೆ ಇರಬೇಕು, ಪೀಠವು ಅಲುಗಾಡದಂತಿರಬೇಕು, ಮುಖದಲ್ಲಿ ನಿದ್ರೆಯ ಜಡತೆಯಾಗಲಿ, ಸಿಹಿ ಮಾಡಿದ ನಗೆಯಾಗಲಿ ಕಾಣದೆ ಎಚ್ಚರವೂ ಶಾಂತಿಯೂ ಒಟ್ಟಿಗೆ ಕಾಣಬೇಕು.

ಬೆಲೆಯು ಇಲ್ಲಿ ಪ್ರಮಾಣವಲ್ಲವೆಂಬುದಕ್ಕೆ ಒಂದು ಉದಾಹರಣೆ ಸಾಕು. ಜವಾಹರಲಾಲ ನೆಹರೂ ಅವರು 1931ರಲ್ಲಿ ಸಿಂಹಳಕ್ಕೆ ಹೋಗಿದ್ದಾಗ ಅನುರಾಧಪುರದ ಧ್ಯಾನಸ್ಥ ಬುದ್ಧನ ಶಿಲಾಮೂರ್ತಿಯನ್ನು ಕಂಡು ಬಹಳವಾಗಿ ಮೆಚ್ಚಿದರು. ಮುಂದಿನ ವರ್ಷ ಅವರು ಡೆಹರಾಡೂನಿನ ಸೆರೆಮನೆಯಲ್ಲಿದ್ದಾಗ ಸಿಂಹಳದ ಸ್ನೇಹಿತರೊಬ್ಬರು ಆ ಮೂರ್ತಿಯ ಚಿತ್ರವನ್ನು ಕಳುಹಿಸಿದರು. ಅದನ್ನು ಕೋಣೆಯ ಪುಟ್ಟ ಮೇಜಿನ ಮೇಲೆ ಇಟ್ಟುಕೊಂಡಿದ್ದುದನ್ನೂ, ಅದು ಬೇಸರದ ದಿನಗಳಲ್ಲಿ ತಮ್ಮನ್ನು ಸಂತೈಸಿದುದನ್ನೂ ಅವರು 1936ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅವರು ಬೌದ್ಧರಾಗಿರಲಿಲ್ಲ, ಪೂಜೆ ಮಾಡುವವರೂ ಆಗಿರಲಿಲ್ಲ, ಅವರ ಬಳಿ ಇದ್ದುದು ಒಂದು ಕಾಗದದ ತುಂಡು. ಆದರೂ ಮೂರ್ತಿಯು ಮಾಡಬೇಕಾದ ಕೆಲಸವನ್ನು ಆ ಕಾಗದವು ಮಾಡಿತು. ಆದುದರಿಂದ ಕೊಳ್ಳಲು ಶಕ್ತಿಯಿಲ್ಲದ ಮನೆಯವರು ಒಳ್ಳೆಯದೊಂದು ಚಿತ್ರಕ್ಕೆ ಚೌಕಟ್ಟು ಹಾಕಿಸಿ ಇಟ್ಟುಕೊಂಡರೆ ಅವರಿಗೆ ಯಾವ ಕೊರತೆಯೂ ಆಗದು.

ಆಯ್ಕೆಯಲ್ಲಿ ನಿಜವಾದ ಕಷ್ಟವು ಬರುವುದು ಬೇರೊಂದು ಕಡೆಯಿಂದ. ರಸಿಕರಾದವರಿಗೆ ಹೊಸ ಮೂರ್ತಿಗಿಂತ ಹಳೆಯದರ ಮೇಲೆ ಮೋಹ ಹೆಚ್ಚು. ಶತಮಾನಗಳ ನಮಸ್ಕಾರವನ್ನು ಪಡೆದ ಮೂರ್ತಿಯ ಮುಂದೆ ಕುಳಿತರೆ ಧ್ಯಾನವು ಬೇಗ ಕೈಗೂಡೀತೆಂದು ಅವರು ಭಾವಿಸುವುದುಂಟು. ಆದರೆ ನಮಸ್ಕಾರವನ್ನು ಪಡೆಯುತ್ತಿದ್ದ ಮೂರ್ತಿಯು ಆ ಸ್ಥಳವನ್ನು ಬಿಟ್ಟು ಅಂಗಡಿಗೆ ಹೇಗೆ ಬಂದಿತು? ಪಂಚಶೀಲಗಳಲ್ಲಿ ಎರಡನೆಯದು ಅದತ್ತಾದಾನದ ವರ್ಜನೆ, ಎಂದರೆ ಕೊಡದೆ ಇದ್ದುದನ್ನು ತೆಗೆದುಕೊಳ್ಳದಿರುವುದು. 'ಕದಿಯಬೇಡ' ಎಂಬುದಕ್ಕಿಂತ ಇದು ವಿಶಾಲವಾದ ಮಾತು. ಕದ್ದವನು ಬೇರೊಬ್ಬನಾದರೂ, ಕೊಡಬೇಕಾದವರು ಕೊಡಲಿಲ್ಲವೆಂದಾದರೆ ತೆಗೆದುಕೊಂಡವನ ಶೀಲವು ಪೂರ್ಣವಾಗಿ ಉಳಿಯುವುದಿಲ್ಲ.

ನಾಲಂದಾದ ಒಂದು ಕಂಚಿನ ಬುದ್ಧನ ವೃತ್ತಾಂತವು ಇದಕ್ಕೆ ನಿದರ್ಶನ. ಬೆಳ್ಳಿಯ ಕುಸುರಿಯುಳ್ಳ, 12ನೆಯ ಶತಮಾನದ ಆ ಮೂರ್ತಿಯು 1961ರಲ್ಲಿ ನಾಲಂದಾದ ಪುರಾತತ್ತ್ವ ವಸ್ತುಸಂಗ್ರಹಾಲಯದಿಂದ ಕಳುವಾದ 14 ಮೂರ್ತಿಗಳಲ್ಲಿ ಒಂದು. ಅಲ್ಲಿಂದಾಚೆಗೆ ಅದು ಹಲವರ ಕೈಗಳನ್ನು ದಾಟಿ, 2018ರ ಮಾರ್ಚಿಯಲ್ಲಿ ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ನಗರದ ಕಲಾವಸ್ತುಗಳ ಮೇಳದಲ್ಲಿ ಕಾಣಿಸಿಕೊಂಡಿತು. ಗುರುತು ಹಿಡಿದವರು ಆಕ್ಷೇಪವೆತ್ತಲು, ಅದನ್ನು ಇಟ್ಟುಕೊಂಡಿದ್ದವರೂ ಮಾರಾಟಗಾರರೂ ವಿಷಯವನ್ನು ತಿಳಿದು ಒಪ್ಪಿ ಬಿಟ್ಟುಕೊಟ್ಟರು. 2018ರ ಆಗಸ್ಟ್ 15ರಂದು ಲಂಡನಿನಲ್ಲಿ ಅದನ್ನು ಭಾರತದ ಪ್ರತಿನಿಧಿಗಳಿಗೆ ಒಪ್ಪಿಸಲಾಯಿತು. ಈ 57 ವರ್ಷಗಳಲ್ಲಿ ಅದನ್ನು ಹೊಂದಿದ್ದವರೆಲ್ಲ ಕಳ್ಳರೆಂದು ಹೇಳುವಂತಿಲ್ಲ. ಆದರೆ ಎಲ್ಲಿಂದ ಬಂದಿತೆಂಬ ಪ್ರಶ್ನೆಯನ್ನು ಕೇಳದೆ ಬಿಟ್ಟಷ್ಟು ಕಾಲವೂ ಕಳವು ಮುಂದುವರಿಯಿತೆಂಬುದು ಸತ್ಯ.

"ಆಗಿಹೋದುದು ಆಯಿತು, ಇಂಥ ಮನೆಯಲ್ಲಾದರೆ ಮೂರ್ತಿಗೆ ಗೌರವವಾದರೂ ದೊರೆಯುತ್ತದೆ, ಬಿಟ್ಟರೆ ಇನ್ನೊಬ್ಬ ಕೊಳ್ಳುತ್ತಾನೆ" ಎಂಬ ಸಮರ್ಥನೆಯು ಸಾಮಾನ್ಯವಾಗಿ ಕೇಳಬರುತ್ತದೆ. ಇದು ದಯೆಯ ವೇಷವನ್ನು ಧರಿಸಿದ ಲೋಭ. ಕೊಳ್ಳುವವರು ಇರುವತನಕ ಕೀಳುವವರು ಇರುತ್ತಾರೆ. ಚೀನದ ಲೊಂಗ್‌ಮೆನ್ ಗುಹೆಗಳಲ್ಲಿ 20ನೆಯ ಶತಮಾನದ ಮೊದಲ ಭಾಗದಲ್ಲಿ ಎಷ್ಟೋ ಮೂರ್ತಿಗಳ ತಲೆಗಳನ್ನು ಕಡಿದೊಯ್ದರು. ಇಡೀ ಮೂರ್ತಿಯನ್ನು ಸಾಗಿಸುವುದಕ್ಕಿಂತ ತಲೆಯನ್ನು ಸಾಗಿಸುವುದು ಸುಲಭ. ಇಂದು ಹೊಸದಾಗಿಯೇ ತಯಾರಾಗಿ ಮನೆಗಳನ್ನು ಅಲಂಕರಿಸುವ ಬರಿಯ ಬುದ್ಧಶಿರಸ್ಸುಗಳ ಹಿಂದೆ ಆ ಕೊಡಲಿಯೇಟಿನ ನೆನಪಿದೆ. ಧ್ಯಾನದ ದೃಷ್ಟಿಯಿಂದಲೂ ಅವು ಅಪೂರ್ಣ: ಮಡಿಲಿಲ್ಲ, ಕೈಗಳಿಲ್ಲ, ಆಸನವಿಲ್ಲ, ನೋಡಿ ಅನುಸರಿಸತಕ್ಕದ್ದು ಏನೂ ಉಳಿದಿಲ್ಲ. ಭಾರತದಲ್ಲಿ 1972ರ ಪ್ರಾಚ್ಯವಸ್ತು ಕಾಯಿದೆಯು ನೂರು ವರ್ಷ ಸಂದ ಶಿಲ್ಪಗಳನ್ನು ನೋಂದಾಯಿಸಬೇಕೆಂದೂ, ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕೆಂದೂ, ಖಾಸಗಿಯವರು ಅವುಗಳನ್ನು ದೇಶದಿಂದ ಹೊರಕ್ಕೆ ಒಯ್ಯಕೂಡದೆಂದೂ ವಿಧಿಸಿದೆ. ಆದರೆ ಕಾಯಿದೆಯು ಹೇಳುವುದಕ್ಕಿಂತ ಮೊದಲೇ ಶೀಲವು ಹೇಳಿದೆ. ಪೂರ್ವವೃತ್ತಾಂತವು ತಿಳಿಯದ ಹಳೆಯ ಮೂರ್ತಿಯನ್ನು ಎಷ್ಟೇ ಸುಂದರವಾಗಿದ್ದರೂ ಅಲ್ಲಿಯೇ ಬಿಟ್ಟುಬರುವುದು ಆ ಮೂರ್ತಿಗೆ ಸಲ್ಲಿಸಬಹುದಾದ ಉತ್ತಮವಾದ ನಮಸ್ಕಾರ.

ಹಾಗಾದರೆ ಹೊಸ ಮೂರ್ತಿಯು ನಿರ್ದೋಷವೆ? ಅಲ್ಲಿಯೂ ಕೇಳಬೇಕಾದ ಪ್ರಶ್ನೆಗಳುಂಟು. ನೇಪಾಳದ ಪಾಟನ್ ನಗರದಲ್ಲಿ ಶಾಕ್ಯ ಕುಲದ ಶಿಲ್ಪಿಗಳು ತಲೆಮಾರುಗಳಿಂದ ಈ ಕೆಲಸವನ್ನು ಮಾಡುತ್ತ ಬಂದಿದ್ದಾರೆ. ಮೇಣದಲ್ಲಿ ಮೂರ್ತಿಯನ್ನು ತಿದ್ದಿ, ಮಣ್ಣು ಮೆತ್ತಿ ಒಣಗಿಸಿ, ಕಾಯಿಸಿ ಮೇಣವನ್ನು ಹರಿಸಿ, ಆ ಟೊಳ್ಳಿನೊಳಗೆ ಕರಗಿದ ಲೋಹವನ್ನು ಎರೆಯುತ್ತಾರೆ. ಅಚ್ಚನ್ನು ಒಡೆದೇ ಮೂರ್ತಿಯನ್ನು ಹೊರತೆಗೆಯಬೇಕಾದುದರಿಂದ ಒಂದು ಅಚ್ಚಿನಿಂದ ಒಂದೇ ಮೂರ್ತಿ. ಆಮೇಲೆ ಚಿನ್ನದ ಮುಲಾಮು. ಹಳೆಯ ಕ್ರಮದಲ್ಲಿ ಚಿನ್ನವನ್ನು ಪಾದರಸದೊಡನೆ ಬೆರೆಸಿ ಬಳಿದು, ಬೆಂಕಿಯಿಂದ ಪಾದರಸವನ್ನು ಆವಿಯಾಗಿಸುತ್ತಾರೆ. ಆ ಆವಿಯು ವಿಷ. ಉಸಿರಿನೊಡನೆ ಒಳಹೊಕ್ಕು ಕೆಲಸಗಾರನ ನರಗಳನ್ನೂ ಮೂತ್ರಪಿಂಡಗಳನ್ನೂ ಕೆಡಿಸುತ್ತದೆ. ಅಹಿಂಸೆಯನ್ನು ಬೋಧಿಸಿದ ಮುಖವು ಹೊಳೆಯಲೆಂದು ಇನ್ನೊಬ್ಬನ ದೇಹವು ಸವೆಯುವುದು ಯುಕ್ತವೆ? ಕೆಲಸಗಾರರ ರಕ್ಷಣೆಗೆ ಏರ್ಪಾಡಿದೆಯೆ ಎಂದು ವಿಚಾರಿಸುವುದು, ತಿಳಿಯದಿದ್ದರೆ ಮುಲಾಮಿಲ್ಲದ ತಾಮ್ರದ ಅಥವಾ ಕಂಚಿನ ಮೂರ್ತಿಯನ್ನೇ ಆರಿಸುವುದು, ಬೆಲೆಯಲ್ಲಿ ಶಿಲ್ಪಿಯನ್ನು ಹಿಂಡದೆ ಇರುವುದು — ಇವು ಸಮ್ಯಗಾಜೀವದ ವಿಚಾರಗಳು. ಸಮ್ಯಗಾಜೀವವು ಅಷ್ಟಾಂಗಮಾರ್ಗದಲ್ಲಿ ಸಮ್ಯಕ್ ಸಮಾಧಿಗಿಂತ ಮೊದಲೇ ಬರುತ್ತದೆ.

ಮೂರ್ತಿಯು ಮನೆಗೆ ಬಂದ ಮೇಲೆ ಪ್ರತಿಷ್ಠೆಯನ್ನು ಮಾಡಿಸಬೇಕೆ ಎಂದು ಕೆಲವರು ಕೇಳುತ್ತಾರೆ. ಬೌದ್ಧದೇಶಗಳಲ್ಲಿ ಕಣ್ಣು ತೆರೆಸುವ ವಿಧಿಯು ಬಹು ಪ್ರಾಚೀನವಾದುದು. ಜಪಾನಿನ ನಾರಾ ನಗರದ ಮಹಾಬುದ್ಧನಿಗೆ 752ರಲ್ಲಿ ಆ ವಿಧಿಯನ್ನು ನಡೆಸಿದವನು ಭಾರತದಿಂದ ಹೋದ ಬೋಧಿಸೇನನೆಂಬ ಭಿಕ್ಷು. ಟಿಬೆಟ್ಟಿನವರು ಮೂರ್ತಿಯ ಟೊಳ್ಳಿನಲ್ಲಿ ಮಂತ್ರಗಳನ್ನು ಬರೆದ ಸುರುಳಿಗಳನ್ನು ತುಂಬಿ ತಳವನ್ನು ಮುಚ್ಚುತ್ತಾರೆ. ಹಾಗೆ ಮುಚ್ಚಿದ ತಳವನ್ನು ಕುತೂಹಲಕ್ಕಾಗಿ ಕೀಳಬಾರದು. ಶ್ರದ್ಧೆಯಿದ್ದವರು ತಮ್ಮ ಸಂಪ್ರದಾಯದಂತೆ ವಿಧಿಯನ್ನು ನಡೆಸಲಿ. ಇಲ್ಲದವರು ಮೂರ್ತಿಯನ್ನು ಬರಿಯ ನೆಲದ ಮೇಲಾಗಲಿ, ಕಾಲು ಚಾಚುವ ಕಡೆಯಲ್ಲಾಗಲಿ ಇಡದಿದ್ದರೆ ಸಾಕು. ವರಗಳನ್ನು ಬೇಡುವುದಕ್ಕೆ ಅದನ್ನು ತಂದುದಲ್ಲವೆಂಬ ನೆನಪು ಮಾತ್ರ ಎಲ್ಲರಿಗೂ ಇರಲಿ.

ನಿತ್ಯದ ಪಾಲನೆಯಲ್ಲಿ ಅತಿಭಕ್ತಿಯೇ ಹಲವು ವೇಳೆ ಹಾನಿಕರ. ಹಿತ್ತಾಳೆಯ ಪಾತ್ರೆಗಳಂತೆ ಕಂಚಿನ ಮೂರ್ತಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದರೆ, ಕಾಲವು ಅದರ ಮೇಲೆ ಕಟ್ಟಿದ ರಕ್ಷೆಯ ಪದರವು ಹೋಗುತ್ತದೆ. ಮೂಗು ರೆಪ್ಪೆಗಳ ಸೂಕ್ಷ್ಮರೇಖೆಗಳೂ ಸವೆಯುತ್ತವೆ. ಒಣಗಿದ ಮೆತ್ತನೆಯ ಬಟ್ಟೆಯಿಂದ ಧೂಳನ್ನು ಒರಸಿದರೆ ಸಾಕು. ಕಂಚಿನ ಮೇಲೆ ತೆಳುಹಸುರಾದ ಪುಡಿಯು ಕಾಣಿಸಿಕೊಂಡರೆ ಅದು ಉಪ್ಪು ಮತ್ತು ತೇವದಿಂದ ಲೋಹವನ್ನು ತಿನ್ನುವ ರೋಗ; ಕೂಡಲೆ ಒಣಗಿದ ಸ್ಥಳಕ್ಕೆ ಸಾಗಿಸಿ ಬಲ್ಲವರಿಗೆ ತೋರಿಸಬೇಕು. ಪಾಟನ್ನಿನ ಮೂರ್ತಿಗಳ ಮುಖಕ್ಕೆ ಅನೇಕ ವೇಳೆ ಚಿನ್ನದ ಪುಡಿಯನ್ನು ಬಣ್ಣದಂತೆ ಬಳಿದಿರುತ್ತಾರೆ. ಅದನ್ನು ಬೆರಳಿನಿಂದಲೂ ಮುಟ್ಟದೆ ಮೃದುವಾದ ಕುಂಚದಿಂದ ಧೂಳು ತೆಗೆಯಬೇಕು. ಅಮೃತಶಿಲೆಗೆ ನಿಂಬೆಯ ಹುಳಿ ತಾಗಿದರೆ ಹೊಳಪು ಹೋಗುತ್ತದೆ, ಎಣ್ಣೆ ಕುಂಕುಮಗಳ ಕಲೆ ನಿಲ್ಲುತ್ತದೆ. ಮರದ ಮೂರ್ತಿಗೆ ಬಿಸಿಲೂ ಮಳೆಗಾಲದ ತೇವವೂ ಗೆದ್ದಲೂ ಶತ್ರುಗಳು. ಅದು ಗೋಡೆಗೆ ತಾಗದಂತಿರಬೇಕು. ದೀಪವನ್ನೂ ಊದುಬತ್ತಿಯನ್ನೂ ಹೊಗೆ ಹತ್ತದಷ್ಟು ದೂರದಲ್ಲಿಡಬೇಕು. ಹೂವನ್ನು ಮುಡಿಸದೆ ಮುಂದೆ ಇಡುವುದು ಬೌದ್ಧರ ವಾಡಿಕೆ. ಬೆಳಿಗ್ಗೆ ಅರಳಿದ್ದುದು ಸಂಜೆಗೆ ಬಾಡುವುದನ್ನು ನೋಡುವುದೇ ಅಲ್ಲಿಯ ಪೂಜೆಯ ಅರ್ಥ. ಈ ಕೆಲಸವನ್ನು ಆಳುಗಳಿಗೆ ಬಿಡದೆ, ಕುಳಿತುಕೊಳ್ಳುವವರೇ ಮಾಡುವುದು ಲೇಸು. ಅವಸರವಿಲ್ಲದೆ ಒಂದು ವಸ್ತುವನ್ನು ಒರಸಬಲ್ಲ ಕೈಯು ಮನಸ್ಸನ್ನೂ ಅವಸರವಿಲ್ಲದೆ ನಿಲ್ಲಿಸಲು ಕಲಿಯುತ್ತದೆ.

ಆದರೆ ಪಾಲನೆಯ ಜೊತೆಯಲ್ಲಿಯೇ ಮಮತೆಯೂ ಬೆಳೆಯುತ್ತದೆ. ಇದನ್ನು ಪರೀಕ್ಷಿಸುವ ದಿನ ಒಂದಲ್ಲ ಒಂದು ಸಲ ಬಾರದಿರದು. ಮನೆಯ ಮಗುವೊಂದು ಚೆಂಡನ್ನು ಎಸೆಯುತ್ತದೆ. ಮೂರ್ತಿಯು ಉರುಳಿ ಬಿದ್ದು ಕೈ ಮುರಿಯುತ್ತದೆ. ಆಗ ಹತ್ತು ವರ್ಷ ಅದರ ಮುಂದೆ ಕುಳಿತ ಗೃಹಸ್ಥನು ಎದ್ದು ಬಂದು ಮಗುವಿನ ಕೆನ್ನೆಗೆ ಹೊಡೆದರೆ, ಮುರಿದುದು ಕಂಚಿನ ಕೈ ಮಾತ್ರವೆ? ಮೂರ್ತಿಯು ಯಾವುದಕ್ಕಾಗಿ ಮನೆಗೆ ಬಂದಿತೋ ಅದೇ ಮುರಿಯಿತು. ಅದಕ್ಕೆ ಬದಲಾಗಿ ಅವನು ಮೊದಲು ಮಗುವಿನ ಕಾಲಿಗೆ ಪೆಟ್ಟಾಯಿತೆ ಎಂದು ನೋಡಿ, ಆಮೇಲೆ ಚೂರುಗಳನ್ನು ಆಯ್ದುಕೊಂಡರೆ, ಕೈಮುರಿದ ಆ ಮೂರ್ತಿಯು ತನ್ನ ಕೆಲಸವನ್ನು ಪೂರೈಸಿತೆನ್ನಬೇಕು. ಎಚ್ಚರದಿಂದ ಕಾಪಾಡುವುದೂ ಹೋದಾಗ ಕಲಕದಿರುವುದೂ ಒಂದಕ್ಕೊಂದು ವಿರುದ್ಧವೆಂದು ಮೇಲುನೋಟಕ್ಕೆ ತೋರಬಹುದು. ಹಾಗಲ್ಲ. ತಾಯಿಯು ಮಗಳನ್ನು ಇಪ್ಪತ್ತು ವರ್ಷ ಸಾಕುವುದೂ ಆಮೇಲೆ ಕಳುಹಿಸಿಕೊಡುವುದೂ ಒಂದೇ ಪ್ರೀತಿಯ ಎರಡು ಕಾರ್ಯಗಳು.

ಥಾಯಿ ದೇಶದ ಜನರ ಮಾತಿನಲ್ಲಿ ಈ ವಿವೇಕವು ಬಹಳ ಸರಳವಾಗಿ ನಿಂತಿದೆ. ಬುದ್ಧಮೂರ್ತಿಯನ್ನು ಹಣ ಕೊಟ್ಟು ತಂದಾಗ ಅವರು 'ಕೊಂಡೆ' ಎನ್ನುವುದಿಲ್ಲ. ಬಾಡಿಗೆಗೆ ಪಡೆದೆನೆಂಬ ಅರ್ಥದ ಪದವನ್ನು ಬಳಸುತ್ತಾರೆ. ಹಣವು ಕೈ ಬದಲಾಯಿಸಿದರೂ ಒಡೆತನವು ಬದಲಾಗಲಿಲ್ಲವೆಂಬ ಸಂಕೋಚವು ಆ ಪದದಲ್ಲಿದೆ. ಕನ್ನಡನಾಡಿನಲ್ಲಿಯೂ ಇದಕ್ಕೆ ಒಪ್ಪುವ ಒಂದು ನಿದರ್ಶನವುಂಟು. ಮಂಗಳೂರಿನ ಕದ್ರಿಯಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯು ಬುದ್ಧನದಲ್ಲವಾದರೂ ಬೌದ್ಧರ ಬೋಧಿಸತ್ತ್ವನದು. ಆಳುಪ ದೊರೆ ಕುಂದವರ್ಮನು ಅದನ್ನು 968ರಲ್ಲಿ ಅಲ್ಲಿಯ ವಿಹಾರದಲ್ಲಿ ಸ್ಥಾಪಿಸಿದನೆಂದು ಪೀಠದ ಶಾಸನದಿಂದ ತಿಳಿಯುತ್ತದೆ. ಆ ದೊರೆಯಾದರೋ ಶಿವಭಕ್ತನು. ವಿಹಾರವು ಈಗಿಲ್ಲ, ಅಲ್ಲಿ ಸಂಚರಿಸುತ್ತಿದ್ದ ಭಿಕ್ಷುಗಳೂ ಇಲ್ಲ. ಮೂರ್ತಿಯು ಮಂಜುನಾಥನ ದೇವಾಲಯದಲ್ಲಿ ಬೇರೆ ಮತದವರ ಕೈಗಳಿಂದ ಪಾಲಿತವಾಗಿ ಸಾವಿರ ವರ್ಷಗಳನ್ನು ದಾಟಿ ನಿಂತಿದೆ. ಅದನ್ನು ಕಾಪಾಡಿದವರಲ್ಲಿ ಒಬ್ಬನಾದರೂ ಅದರ ಒಡೆಯನಾಗಿರಲಿಲ್ಲ. ಪ್ರತಿಯೊಬ್ಬನೂ ತನ್ನ ಪಾಳಿ ಮುಗಿಯುವವರೆಗೆ ನೋಡಿಕೊಂಡು ಮುಂದಿನವನಿಗೆ ಒಪ್ಪಿಸಿದನು.

ಮನೆಯ ಮೂರ್ತಿಗೂ ಇದೇ ನ್ಯಾಯವು ಅನ್ವಯಿಸುತ್ತದೆ. ಅದರ ಮುಂದೆ ಕುಳಿತುಕೊಳ್ಳುವವರು ವೃದ್ಧರಾದಾಗ, ಮುಂದೆ ಅದು ಯಾರಿಗೆ ಸೇರಬೇಕೆಂಬುದನ್ನು ತಾವೇ ನಿಶ್ಚಯಿಸುವುದು ಒಳ್ಳೆಯದು. ಮಕ್ಕಳಲ್ಲಿ ಧ್ಯಾನದ ಒಲವಿದ್ದರೆ ಅವರಿಗೆ. ಇಲ್ಲವಾದರೆ ಒಲವಿರುವ ಇನ್ನೊಂದು ಮನೆಗೆ. ಹಳೆಯದಾಗಿದ್ದು ಅದರ ಮೂಲಸ್ಥಾನವು ಗೊತ್ತಾದರೆ ಆ ಸ್ಥಾನಕ್ಕೆ. ದುರಸ್ತಿಗೆ ಒಳಪಡದಂತೆ ಭಗ್ನವಾದುದನ್ನು ಬೋಧಿವೃಕ್ಷದ ಬುಡದಲ್ಲಿ ಇಡುವ ಪದ್ಧತಿಯು ಕೆಲವು ಬೌದ್ಧದೇಶಗಳಲ್ಲಿದೆ. ಕಸದ ಬುಟ್ಟಿಗೂ ಹಳೆಯ ಸಾಮಾನಿನ ಅಂಗಡಿಗೂ ಅದು ಹೋಗದಿರಲಿ. ಕೊಡದೆ ಇದ್ದುದನ್ನು ತೆಗೆದುಕೊಳ್ಳದೆ ತಂದು, ಸಿಟ್ಟಿಲ್ಲದೆ ನೋಡಿಕೊಂಡು, ಸಂಕಟವಿಲ್ಲದೆ ಮುಂದಿನವರಿಗೆ ಒಪ್ಪಿಸಿದ ಮನೆಯಲ್ಲಿ ಮೂರ್ತಿಯು ಇದ್ದುದು ಸಾರ್ಥಕ. ಆ ಮನೆಯವರು ಅದರ ಮುಂದೆ ಎಷ್ಟು ಗಳಿಗೆ ಕಣ್ಣು ಮುಚ್ಚಿ ಕುಳಿತರೆಂಬ ಲೆಕ್ಕವನ್ನು ಆಮೇಲೆ ಕೇಳಿದರಾಯಿತು.